ನೀರು ಹೋಗುವ ದಾರಿ ನೋಡು: ಕಾಡಿನ ಕಾಲುದಾರಿ ಕೆಲಸದಲ್ಲಿ ನನ್ನ ಅನುಭವ

ಕಾಡು ಕಾಯುವ ಸ್ವಯಂಸೇವಕರ ತಂಡಕ್ಕೆ ಸೇರಿದಾಗ ನನಗೆ 19 ವರ್ಷ. ಗಿಡ ನೆಡುವುದು, ಪ್ರಾಣಿಗಳ ಲೆಕ್ಕ ಬರೆಯುವುದು, ಇಂಥದ್ದೇನೋ ಇರುತ್ತದೆ ಅಂದುಕೊಂಡು ಹೋಗಿದ್ದೆ. ಮೊದಲ ದಿನ ಕೈಗೆ ಕೊಟ್ಟಿದ್ದು ಒಂದು ಗುದ್ದಲಿ. ತೋರಿಸಿದ್ದು ಕೆಸರು ತುಂಬಿದ ಒಂದು ಕಾಲುದಾರಿ. ಆರು ವಾರ ಹೆಚ್ಚುಕಮ್ಮಿ ಅದೇ ದಾರಿಯಲ್ಲಿ ಕಳೆದೆವು, ಎಂಟು ಜನ.

ದಾರಿ ರಿಪೇರಿಗೂ ಕಾಡು ಉಳಿಸುವುದಕ್ಕೂ ಏನು ಸಂಬಂಧ ಅಂತ ಕೇಳಿದೆ. ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಅಕ್ಕ ಬಾಯಲ್ಲಿ ಉತ್ತರ ಹೇಳಲಿಲ್ಲ. ಸ್ವಲ್ಪ ದೂರ ನಡೆಸಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ದಾರಿಯ ಮಧ್ಯೆ ಕೆಸರು ಗುಂಡಿ ಇತ್ತು, ಅದನ್ನು ತಪ್ಪಿಸಲು ಜನ ಪಕ್ಕದಲ್ಲಿ ಕಾಲಿಟ್ಟಿದ್ದರು, ಆ ಪಕ್ಕವೂ ಕೆಸರಾಗಿತ್ತು, ಆಮೇಲೆ ಬಂದವರು ಅದರಾಚೆ ಕಾಲಿಟ್ಟಿದ್ದರು, ಹೀಗೇ ಎರಡು ಅಡಿ ಇರಬೇಕಾದ ದಾರಿ ಹನ್ನೆರಡು ಅಡಿ ಆಗಿತ್ತು. ಮರದ ಬೇರುಗಳು ಹೊರಗೆ ಬಂದಿದ್ದವು. ಸಸಿ ಒಂದೂ ಇರಲಿಲ್ಲ. ಕಾಲ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ನೀರು ಕೆಳಗಿಳಿಯುವುದೇ ನಿಂತಿತ್ತು. ಇಳಿಯದ ನೀರು ಮೇಲೇ ಹರಿಯುತ್ತದೆ, ಹರಿಯುವಾಗ ಮಣ್ಣು ಹೊತ್ತುಕೊಂಡು ಹೋಗುತ್ತದೆ, ಆ ಮಣ್ಣೆಲ್ಲ ಹೋಗಿ ತೊರೆಗೆ ಬೀಳುತ್ತದೆ. ತೊರೆಯ ಕಲ್ಲುಗಳ ಸಂದಿಯಲ್ಲಿ ಮೀನು ಮೊಟ್ಟೆ ಇಟ್ಟಿದ್ದರೆ ಅವು ಮೇಲಿನ ಹೂಳಿಗೆ ಉಸಿರುಕಟ್ಟಿ ಸಾಯುತ್ತವೆ. ಒಂದು ಗುಂಡಿಯಿಂದ ಇಷ್ಟು! ಅವತ್ತಿನಿಂದ ನನಗೆ ಆ ಕೆಲಸ ಸಣ್ಣದು ಅನಿಸಲೇ ಇಲ್ಲ.

ಅಕ್ಕ ಕಲಿಸಿದ ಮೊದಲ ಪಾಠ, ದಾರಿ ನೋಡಬೇಡ, ನೀರು ನೋಡು. ಎಲ್ಲಿಂದ ಬಂದು ದಾರಿಗೆ ಬೀಳುತ್ತದೆ, ಎಲ್ಲಿಗೆ ಬಿಟ್ಟರೆ ಸುಮ್ನೆ ಕಾಡಿನೊಳಗೆ ಇಂಗುತ್ತದೆ. ಗುಡ್ಡದ ದಾರಿ ನೆಟ್ಟಗೆ ಮೇಲಕ್ಕೆ ಹೋದರೆ ಅದು ದಾರಿ ಅಲ್ಲ, ಮಳೆಗಾಲದ ಕಾಲುವೆ. ಗುಡ್ಡಕ್ಕೆ ಅಡ್ಡಲಾಗಿ ಹತ್ತಬೇಕು. 100 ಅಡಿ ನಡೆದರೆ ಸರಾಸರಿ 10 ಅಡಿಗಿಂತ ಜಾಸ್ತಿ ಏರಬಾರದು, ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು, ಇವೆರಡು ದಾರಿ ಮಾಡುವವರು ನೆನಪಿಟ್ಟುಕೊಳ್ಳುವ ಲೆಕ್ಕ. ಇನ್ನೊಂದು, ದಾರಿ ಕಣಿವೆ ಕಡೆಗೆ ತುಸು ವಾಲಿರಬೇಕು. ಎರಡು ಅಡಿ ಅಗಲಕ್ಕೆ ಒಂದು ಇಂಚಿಗಿಂತ ಚೂರು ಜಾಸ್ತಿ ಸಾಕು. ನಡೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಆದರೆ ವರ್ಷಗಟ್ಟಲೆ ಜನ ನಡೆದ ದಾರಿ ಮಧ್ಯದಲ್ಲಿ ತಗ್ಗಾಗಿ, ಹೊರ ಅಂಚಿನಲ್ಲಿ ಮಣ್ಣು ಸೇರಿ ಸಣ್ಣ ಬದು ಕಟ್ಟಿಕೊಂಡಿರುತ್ತದೆ. ಹೊಲದಲ್ಲಿ ಬದು ನೀರು ಹಿಡಿಯುತ್ತದೆ, ಅಲ್ಲಿ ಅದು ಬೇಕು. ಇಲ್ಲಿ ಹಿಡಿದರೆ ಕೆಟ್ಟಿತು. ನಮ್ಮ ಮೊದಲ ಎರಡು ವಾರ ಪೂರ್ತಿ ಈ ಬದು ಕಡಿದು ಸಮ ಮಾಡುವುದರಲ್ಲೇ ಹೋಯಿತು. ಕೆಲಸ ಸರಿಯಾಯಿತಾ ಅಂತ ನೋಡಲು ಒಂದು ಬಾಟಲಿ ನೀರು ಸುರಿಯುತ್ತಿದ್ದೆವು. ಅಡ್ಡಕ್ಕೆ ಹರಿದು ಆಚೆ ಹೋದರೆ ಮುಂದಕ್ಕೆ. ದಾರಿಯ ಉದ್ದಕ್ಕೆ ಹರಿದರೆ ಮತ್ತೆ ಗುದ್ದಲಿ.

ಕಡಿದಾದ ಜಾಗದಲ್ಲಿ ಬರೀ ವಾಲಿಸಿದರೆ ಸಾಲದು, ಅಲ್ಲಿ ಕಲ್ಲು ಕೂರಿಸಬೇಕು. ದಾರಿಗೆ ಅಡ್ಡವಾಗಿ ಕಲ್ಲಿನ ಸಾಲು ಹೂಳುತ್ತೇವೆ, ಮೇಲಿಂದ ಹರಿದು ಬರುವ ನೀರು ಅದಕ್ಕೆ ತಾಗಿ ಪಕ್ಕಕ್ಕೆ ತಿರುಗಬೇಕು. ಕಲ್ಲಿನ ಕೆಲಸ ಅಂದರೆ ನನಗೆ ಈಗಲೂ ಪ್ರಾಣ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ, ನಮಗೆ ಬೇಕಾಗುತ್ತಿದ್ದ ಕಲ್ಲುಗಳು ಹಲವು ಅದಕ್ಕಿಂತ ದೊಡ್ಡವು. ಅವನ್ನು ಯಾರೂ ಎತ್ತುವುದಿಲ್ಲ. ಹಾರೆ ಹಾಕಿ ಮೀಟುತ್ತೇವೆ, ಹಾರೆಯ ಕೆಳಗೆ ಸಣ್ಣ ಕಲ್ಲೊಂದನ್ನು ಒತ್ತು ಕೊಟ್ಟು, ಒಂದು ಗೇಣು ಸರಿಸಿ, ನಿಂತು, ಉಸಿರು ತಗೊಂಡು, ಮತ್ತೆ ಒಂದು ಗೇಣು. ಮೊದಲು ಗುಂಡಿ ತೋಡಿಕೊಂಡಿರಬೇಕು. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗಬೇಕು. ಒಂದು ಕಲ್ಲಿನ ಅಂಚು ಇನ್ನೊಂದರ ಮೇಲೆ ಹೆಂಚಿನ ಹಾಗೆ ಸೇರಬೇಕು, ಇಲ್ಲದಿದ್ದರೆ ಸಂದಿಯಲ್ಲಿ ನೀರು ನುಗ್ಗಿ ಕೆಳಗಿನ ಮಣ್ಣು ಕಿತ್ತುಕೊಂಡು ಹೋಗುತ್ತದೆ. ಕೂರಿಸಿದ ಮೇಲೆ ಅದರ ಮೇಲೆ ನಿಂತು ಕುಣಿಯಬೇಕು. ಚೂರು ಅಲುಗಾಡಿದರೂ ತೆಗೆದು ಮತ್ತೆ ಕೂರಿಸಬೇಕು.

ನಾನು ಮೊದಲು ಕೂರಿಸಿದ ಸಾಲು ನೋಡಲು ತುಂಬ ಚೆನ್ನಾಗಿತ್ತು. ಐದು ಕಲ್ಲು, ದಾರಿಗೆ ನೇರ ಅಡ್ಡ, ಗೆರೆ ಎಳೆದ ಹಾಗೆ. ಒಂದೂವರೆ ದಿನ ಹಿಡಿಯಿತು. ಅಕ್ಕ ನೋಡಿದರು, ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಜೋರು ಮಳೆ ಬಂತು. ಬೆಳಗ್ಗೆ ಹೋಗಿ ನೋಡಿದರೆ ಕಲ್ಲಿನ ಹಿಂದೆ ಹೂಳು ತುಂಬಿ ಸಮ ಆಗಿದೆ, ನೀರು ಕಲ್ಲಿನ ಮೇಲೆ ಹತ್ತಿ ಆ ಕಡೆ ಬಿದ್ದು ಮೊಣಕಾಲುದ್ದ ಕೊರೆದಿದೆ. ನನ್ನ ಕಲ್ಲೇ ಇಲ್ಲದಿದ್ದರೆ ಅಷ್ಟು ಕೊರೆಯುತ್ತಿರಲಿಲ್ಲವೇನೋ. ಅಳು ಬಂತು, ನಿಜವಾಗಿ. "ನೀರನ್ನ ತಡೆಯೋಕೆ ಹೋಗಿದೀಯ, ತಿರುಗಿಸ್ಬೇಕಿತ್ತು" ಅಂದರು ಅಕ್ಕ. ನೇರ ಅಡ್ಡ ಇಟ್ಟರೆ ನೀರು ಕಲ್ಲಿಗೆ ಬಡಿದು ನಿಲ್ಲುತ್ತದೆ, ನಿಂತರೆ ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟರೆ ವೇಗ ಅಷ್ಟಾಗಿ ಕಳೆದುಕೊಳ್ಳದೆ ಜಾರಿ ಆಚೆ ಹೋಗುತ್ತದೆ, ಹೂಳನ್ನೂ ಜೊತೆಗೇ ತಗೊಂಡು ಹೋಗುತ್ತದೆ. ಆಚೆಗೆ ಹೋಗುವ ಬಾಯಿಯನ್ನೂ ಅಗಲವಾಗಿ ಬಿಡಿಸಬೇಕು. ಐದೂ ಕಲ್ಲು ಕಿತ್ತು ಮತ್ತೆ ಕೂರಿಸಿದೆ. ಅವತ್ತು ಮೊದಲೇ ಯಾಕೆ ಹೇಳಲಿಲ್ಲ ಅಂತ ಅಕ್ಕನ ಮೇಲೆ ಸಿಟ್ಟಿತ್ತು. ಈಗ ಹೊಸಬರಿಗೆ ಕಲಿಸುವಾಗ ನಾನು ಮೊದಲೇ ಹೇಳಿಬಿಡುತ್ತೇನೆ. ಕಾಡಿನ ಮಣ್ಣು ಪಾಠಕ್ಕಾಗಿ ಕೊಚ್ಚಿ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೈ ಬಗ್ಗೆ ಹೇಳಲೇಬೇಕು. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ. ಕೈಗವಸು ಹಾಕಿದ್ದರೂ ಬಂತು, ಯಾಕೆಂದರೆ ನಾನು ಹಿಡಿಯನ್ನು ಪ್ರಾಣ ಹೋಗುವ ಹಾಗೆ ಹಿಡಿಯುತ್ತಿದ್ದೆ. ಗುದ್ದಲಿ ತನ್ನ ಭಾರಕ್ಕೇ ಬೀಳುತ್ತದೆ, ಬೀಳುವಾಗ ಹಿಡಿತ ಸಡಿಲ ಬಿಡಬೇಕು. ಬೆಳಗ್ಗೆ ಎಂಟಕ್ಕೆ ಎಷ್ಟು ವೇಗದಲ್ಲಿ ಕೆಲಸ ಮಾಡುತ್ತೀರೋ ಮಧ್ಯಾಹ್ನ ಮೂರಕ್ಕೂ ಅದೇ ವೇಗ ಇರಬೇಕು, ಅದು ಸರಿಯಾದ ವೇಗ. ಬಾಯಾರಿಕೆ ಆಗುವವರೆಗೂ ಕಾಯದೆ ನೀರು ಕುಡಿಯಿರಿ. ಮೂತ್ರ ಕಡು ಹಳದಿ ಆದರೆ ನೀರು ಸಾಲದು ಅಂತ ಅರ್ಥ. ಹೊಸ ಬೂಟು ಹಾಕಿಕೊಂಡು ನೇರ ಕೆಲಸಕ್ಕೆ ಬರಬೇಡಿ, ಎರಡು ವಾರ ಮೊದಲೇ ಹಾಕಿಕೊಂಡು ನಡೆದು ಕಾಲಿಗೆ ಹೊಂದಿಸಿಕೊಳ್ಳಿ.

ಸಲಕರಣೆ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಇಬ್ಬರ ಮಧ್ಯೆ ಕನಿಷ್ಠ ಹತ್ತು ಅಡಿ ಅಂತರ. ಹೆಗಲ ಮೇಲೆ ಯಾವುದನ್ನೂ ಹೊರುವ ಹಾಗಿಲ್ಲ, ಕೈಯಲ್ಲಿ ಕೆಳಗೆ ಹಿಡಿದು, ಇಳಿಜಾರಿನ ಕಡೆ ಇಟ್ಟುಕೊಂಡು ನಡೆಯಬೇಕು, ಜಾರಿದರೆ ಆ ಕಡೆ ಎಸೆಯಬಹುದು. ಕೆಲಸ ಮಾಡುತ್ತಿರುವವರನ್ನು ದಾಟುವ ಮುಂಚೆ ಕೂಗಿ ಹೇಳಬೇಕು, ಅವರು ನಿಲ್ಲಿಸಿ ಮುಖ ನೋಡಿದ ಮೇಲೆಯೇ ದಾಟಬೇಕು. ಸಂಜೆ ಎಲ್ಲರೂ ಕೂತು ಅರದಿಂದ ಬಾಯಿ ಹರಿತ ಮಾಡುತ್ತಿದ್ದೆವು. ಮೊಂಡ ಸಲಕರಣೆಗೇ ಜಾಸ್ತಿ ಬಲ ಹಾಕುತ್ತೇವೆ, ಬಲ ಹಾಕಿದಾಗಲೇ ಅದು ಜಾರಿ ಕಾಲಿಗೆ ಬೀಳುವುದು. ನನಗೆ ಇಷ್ಟವಾಗಿದ್ದು ಪುಲಾಸ್ಕಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ಅಮೆರಿಕದ ಅರಣ್ಯ ಸಿಬ್ಬಂದಿ ಎಡ್ ಪುಲಾಸ್ಕಿ ಅನ್ನುವವರ ಹೆಸರು ಅದಕ್ಕೆ. 1910ರ ದೊಡ್ಡ ಕಾಡ್ಗಿಚ್ಚಿನಲ್ಲಿ ತಮ್ಮ ಜೊತೆಗಿದ್ದವರನ್ನು ಹಳೆಯ ಗಣಿ ಸುರಂಗದೊಳಗೆ ಕರೆದುಕೊಂಡು ಹೋಗಿ ಹೆಚ್ಚಿನವರ ಜೀವ ಉಳಿಸಿದವರು ಅವರು. ಬೇರು ಅಡ್ಡ ಬಂದರೆ ಸಲಕರಣೆ ಬದಲಿಸದೆ ಸುಮ್ನೆ ತಿರುಗಿಸಿ ಕಡಿಯಬಹುದು.

ನಡುವೆ ಒಂದು ವಾರ ಲಂಟಾನ ಕೀಳಲು ಹಾಕಿದರು, ಹೊರದೇಶದಿಂದ ಬಂದು ಕಾಡೆಲ್ಲ ಹಬ್ಬಿರುವ ಪೊದೆ ಅದು. ಲಂಟಾನವನ್ನು ಮೇಲೆ ಕತ್ತರಿಸಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಬೇರು ಶುರುವಾಗುವ ಗಂಟಿನ ಕೆಳಗೆ, ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ಕಡಿದು, ಪೊದೆಯನ್ನು ತಲೆಕೆಳಗು ಮಾಡಿ ಬಿಡಬೇಕು. ಬೇರು ಬಿಸಿಲಿಗೆ ಒಣಗುತ್ತದೆ. ಆದರೂ ಹಣ್ಣು ತಿಂದ ಹಕ್ಕಿಗಳು ಬೀಜ ಹಾಕುತ್ತಲೇ ಇರುತ್ತವೆ, ಹಾಗಾಗಿ ತೆರವು ಮಾಡಿದ ಜಾಗಕ್ಕೆ ಮುಂದಿನ ಮಳೆ ಆದ ಮೇಲೆ ಮತ್ತೆ ಹೋಗಿ ಎಳೆಯ ಸಸಿ ಕೀಳದಿದ್ದರೆ ಹಾಕಿದ ಶ್ರಮ ಅಷ್ಟೂ ವ್ಯರ್ಥ. ದಾರಿಯೂ ಹೀಗೇ.

ಇದನ್ನು ಹೇಳುವುದಕ್ಕೆ ನನಗೆ ಕಾರಣ ಇದೆ. ಆರು ವಾರ ಮುಗಿಸಿ ಫೋಟೋ ತೆಗೆಸಿಕೊಂಡು ಎಲ್ಲರೂ ಮನೆಗೆ ಹೋದೆವು. ಮುಂದಿನ ವರ್ಷ ಆ ದಾರಿಗೆ ಯಾರನ್ನೂ ಕಳಿಸಲಿಲ್ಲ. ಹೊಸ ಜಾಗ, ಹೊಸ ಕೆಲಸ ಅಂತ ಎಲ್ಲರಿಗೂ ಅದೇ ಉತ್ಸಾಹ. ಅದರ ಮುಂದಿನ ವರ್ಷ ನಾನೊಬ್ಬನೇ ನೋಡಲು ಹೋದೆ. ಕಲ್ಲಿನ ಸಾಲುಗಳು ಗಟ್ಟಿಯಾಗಿಯೇ ಇದ್ದವು, ಆದರೆ ನೀರು ಆಚೆ ಹೋಗುವ ಬಾಯಿಗಳು ತರಗೆಲೆ, ಹೂಳು ತುಂಬಿ ಮುಚ್ಚಿಹೋಗಿದ್ದವು. ನೀರು ಮತ್ತೆ ದಾರಿಗೇ ಇಳಿದಿತ್ತು. ಒಂದೊಂದು ಬಾಯಿ ಬಿಡಿಸಲು ಸಲಿಕೆ ಹಿಡಿದ ಒಬ್ಬರಿಗೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಯಾರೂ ಕೊಟ್ಟಿರಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು. 1933ರಿಂದ 1942ರವರೆಗೆ ಅಮೆರಿಕದಲ್ಲಿ ಕೆಲಸವಿಲ್ಲದ ಸುಮಾರು 30 ಲಕ್ಷ ಯುವಕರು ಸರ್ಕಾರದ ಉದ್ಯೋಗ ಯೋಜನೆಯಾದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನಲ್ಲಿ ಗಿಡ ನೆಟ್ಟು, ದಾರಿ ಕಡಿದರು. ಆ ದಾರಿಗಳಲ್ಲಿ ಎಷ್ಟೋ ಕಡೆ ಜನ ಈಗಲೂ ನಡೆಯುತ್ತಾರೆ. ಕಟ್ಟಿದವರ ಹೆಸರು ಹೇಳುತ್ತೇವೆ, ಆದರೆ ಅಲ್ಲೂ ಪ್ರತಿ ವರ್ಷ ಯಾರೋ ಹೋಗಿ ಹೂಳು ತೆಗೆಯುತ್ತಿದ್ದಾರೆ, ಅಲ್ವಾ?

ಆಮೇಲೆ ನಾವು ನಾಲ್ಕು ಜನ ಸೇರಿಕೊಂಡೆವು. ಮಳೆಗೆ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ, ಎರಡೆರಡು ದಿನ. ಸಾಧ್ಯವಾದರೆ ಮಳೆ ಬೀಳುವಾಗಲೇ ಹೋಗುತ್ತೇವೆ, ಛತ್ರಿ ಹಿಡಿದುಕೊಂಡು ದಾರಿಯುದ್ದಕ್ಕೂ ನಿಂತು ನಿಂತು ನೋಡುತ್ತೇವೆ, ನೀರು ಎಲ್ಲಿ ಸರಿಯಾಗಿ ಹೋಗುತ್ತಿದೆ, ಎಲ್ಲಿ ತಪ್ಪಿದೆ ಅಂತ ಆಗಲೇ ಗೊತ್ತಾಗುವುದು. ಹನ್ನೆರಡು ಅಡಿ ಅಗಲವಾಗಿದ್ದ ಜಾಗಕ್ಕೆ ಒಣ ಕೊಂಬೆ, ತರಗೆಲೆ ಹಾಕಿ ಜನ ಕಾಲಿಡದ ಹಾಗೆ ಮುಚ್ಚಿದ್ದೆವು. ಈಗ ಅಲ್ಲಿ ಹುಲ್ಲು ಬಂದಿದೆ, ನಡುವೆ ಎರಡು ಮೂರು ಮರದ ಸಸಿಗಳೂ ಇವೆ.

ಕಳೆದ ಸಲ 18 ವರ್ಷದ ಹುಡುಗನೊಬ್ಬ ಜೊತೆಗೆ ಬಂದಿದ್ದ. ನನ್ನ ಆ ಐದು ಕಲ್ಲಿನ ಮೇಲೆ ಒಂದೊಂದಾಗಿ ಹತ್ತಿ ನಿಂತು ನೋಡಿ, "ಅಣ್ಣಾ, ಮೂರನೇದು ಅಲ್ಲಾಡ್ತಿದೆ" ಅಂದ. ಹೌದು, ಅಲ್ಲಾಡುತ್ತಿತ್ತು. ಹಾರೆ ಅವನ ಕೈಗೆ ಕೊಟ್ಟೆ.