ಕುರಿ ಹಿಂಡಿನ ಜೊತೆ ಹೊರಟ ಹಿಟ್ಟಿನ ಡಬ್ಬಿ

ನಮ್ಮ ರಾಯಬಾಗ ಕಡೆ ದೀಪಾವಳಿ ಮುಗಿಯಿತೆಂದರೆ ಕುರಿಗಾರರ ಓಣಿ ಖಾಲಿ. ಕುದುರೆ ಮೇಲೆ ಸಾಮಾನು ಹೇರಿ, ಬುಟ್ಟಿಯಲ್ಲಿ ಕೋಳಿ, ಕಂಕುಳಲ್ಲಿ ಕೂಸು, ಹೊರಟೇ ಬಿಡುತ್ತಾರೆ. ಖಾನಾಪುರ ಕಡೆ ಗುಡ್ಡದ ಮಗ್ಗುಲಲ್ಲಿ ಭತ್ತ ಕೊಯ್ದ ಗದ್ದೆಗಳಿರುತ್ತವೆ. ಅಲ್ಲಿ ಕುರಿ ನಿಲ್ಲಿಸಿ, ಮಳೆಗಾಲ ಶುರುವಾಗುವ ಹೊತ್ತಿಗೆ ವಾಪಸ್ ಬರುತ್ತಾರೆ. ಅಷ್ಟೂ ತಿಂಗಳು ನನ್ನ ಅಂಗನವಾಡಿ ರಿಜಿಸ್ಟರ್‌ನಲ್ಲಿ ಆ ಮಕ್ಕಳ ಹೆಸರಿನ ಮುಂದೆ 'ವಲಸೆ' ಅಂತ ಒಂದೇ ಪದ. ವಾಪಸ್ ಬಂದಾಗ ತೂಗಿದರೆ ಹೋಗುವಾಗಿನ ತೂಕವೇ, ಇಲ್ಲವೆಂದರೆ ಅದಕ್ಕಿಂತ ಕಡಿಮೆ.

ಮೀಟಿಂಗ್‌ನಲ್ಲಿ ಈ ಮಾತು ಎತ್ತಿದಾಗ 'ಅವರು ಕೈಗೆ ಸಿಗಲ್ಲ, ಬಿಡಿ' ಅಂದರು. ನಾನು ಬಿಡಲಿಲ್ಲ. ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಕೂಸನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಿ ಅಂತ ಹಟ ಹಿಡಿದೆ. ಮೂವರು ಬಿಟ್ಟರು. ಅದರಲ್ಲಿ ಒಂದು ಇನ್ನೂ ಎದೆಹಾಲು ಕುಡಿಯೋ ಕೂಸು. ಎರಡು ತಿಂಗಳಲ್ಲಿ ಸೊರಗಿ ಹೋಯಿತು, ತಾಯಿಯನ್ನು ವಾಪಸ್ ಕರೆಸಬೇಕಾಯಿತು. ಆ ಮುಖ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಎರಡನೇ ವರ್ಷ ಶೇಂಗಾ ಬೆಲ್ಲದ ಉಂಡೆ. ಸುಮಾರು ನಾನೂರು ಕಟ್ಟಿ ಕೊಟ್ಟೆ, ಕೈಯಿಂದ ನಾಲ್ಕೂವರೆ ಸಾವಿರ ಹೋಯಿತು. ಮಕ್ಕಳಿಗೆ ಸಿಕ್ಕಿದ್ದು ಅರ್ಧ, ದೊಡ್ಡವರೂ ಚಹಾದ ಜೊತೆ ತಿಂದಿದ್ದರು. ಉಳಿದದ್ದು ಬಿಸಿಲಿಗೆ ಕಮಟು ಹಿಡಿಯಿತು. ಆಮೇಲೆ ಹಿಟ್ಟು ಮಾಡಿ ಬೆಲ್ಲ ಸೇರಿಸಿಯೇ ಬೀಸಿಸಿದೆ. ಹದಿನೈದು ದಿನಕ್ಕೆ ಗಂಟುಗಟ್ಟಿ ಕಲ್ಲಾಯಿತು.

ದಾರಿ ಸಿಕ್ಕಿದ್ದು ಅವರ ದಡ್ಡಿಯಲ್ಲೇ, ಅಂದರೆ ಕುರಿ ಕೂಡಿ ಹಾಕುವ ಜಾಗದಲ್ಲೇ. ಅಳ್ನಾವರ ದಾಟಿ ಒಂದು ಗದ್ದೆಯಲ್ಲಿ ಅವರು ಇಳಿದಿದ್ದಾಗ ಬಸ್ ಹಿಡಿದು ಹೋಗಿದ್ದೆ. ಸಂಜೆ ಹಿಂಡು ಬಂತು. ಬಲೆಯೊಳಗಿನ ಮರಿಗಳನ್ನು ಒಂದೊಂದಾಗಿ ತಾಯಿಗೆ ಬಿಟ್ಟರು. ಕುಡಿದು ಬಂದ ಪ್ರತಿ ಮರಿಯ ಹೊಟ್ಟೆಯನ್ನೂ ಒಬ್ಬ ಮುದುಕಿ ಕೈಯಿಂದ ಮುಟ್ಟಿ ನೋಡುತ್ತಿದ್ದಳು. ಹೊಟ್ಟೆ ತುಂಬದ ಮರಿಯನ್ನು ಬೇರೆ ಕುರಿಗೆ ಹಿಡಿದು ಕುಡಿಸಿದಳು. ಪಕ್ಕದಲ್ಲೇ ಅವಳ ಮೊಮ್ಮಗಳು ಕರಿ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಿತ್ತು. ನಾನು ಕೇಳಿಯೇಬಿಟ್ಟೆ: 'ಆಯಿ, ಮರಿ ಹೊಟ್ಟಿ ನೋಡತಿ, ಇಕಿ ಹೊಟ್ಟಿ ಯಾರ ನೋಡಬೇಕು?' ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ 'ಹೆಂಗ ನೋಡೂದು ಹೇಳ್ರಿ ಅಕ್ಕೋರ' ಅಂದಳು.

ಅವತ್ತಿನಿಂದ ನಿಯಮ ಒಂದೇ. ಮರಿ ಕುಡಿಸುವ ಹೊತ್ತಿಗೆ ಕೂಸಿಗೂ ಹಿಟ್ಟು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಗಡಿಯಾರ ಬೇಡ, ನೆನಪಿಸುವವರೂ ಬೇಡ. ಎದೆಹಾಲು, ರೊಟ್ಟಿ, ಬೇಳೆ ಎಂದಿನಂತೆ.

ಹಿಟ್ಟು ನಾನು ಕೊಡುವುದನ್ನೇ ನಿಲ್ಲಿಸಿದೆ. ಅವರದೇ ಜೋಳ ನಾಲ್ಕು ವಾಟಗಾ (ಬಟ್ಟಲು), ಹೆಸರು ಒಂದೂವರೆ, ಪುಟಾಣಿ (ಹುರಿಗಡಲೆ) ಅರ್ಧ. ಹುರಿದು ಗಿರಣಿಗೆ. ಮುಗಿದರೆ ಇಳಿದ ಊರಲ್ಲೇ ಮತ್ತೆ ಬೀಸಿಸಬಹುದು. ಶೇಂಗಾ ಬೇರೆ ಇರಲಿ, ವಾರಕ್ಕೆ ಬೇಕಾದಷ್ಟೇ ಕುಟ್ಟಿಕೊಳ್ಳಲಿ. ಬೆಲ್ಲ ಹಾಕುವುದು ಕಲಸುವಾಗಲೇ, ಮೇಲೆ ಒಂದು ಚಮಚ ಎಣ್ಣೆ. ಬೀಸುವ ಮುಂಚೆ ಜೋಳಕ್ಕೆ ನಾನು ಒಂದು ಹದ ಮಾಡುತ್ತೇನೆ, ಹಿಟ್ಟು ಬೇಗ ಕೆಡಲ್ಲ. ಅದು ಬರೆದರೆ ಬರಲ್ಲ, ಬಂದವರಿಗೆ ಕೈಯಾರೆ ತೋರಿಸುತ್ತೇನೆ.

ಮಗುವಿನ ತೋಳಿನ ಸುತ್ತಳತೆ ನೋಡಿ ಅಪೌಷ್ಟಿಕತೆ ತಿಳಿಯುವ ಬಣ್ಣದ ಪಟ್ಟಿಯನ್ನು ಅಜ್ಜಿಯರ ಕೈಗೆ ಕೊಟ್ಟೆ. ಓದು ಬರದಿದ್ದರೇನು, ಹಸಿರು, ಹಳದಿ, ಕೆಂಪು ಗೊತ್ತಲ್ವಾ. ಪ್ರತಿ ಅಮಾವಾಸ್ಯೆ ಅವರ ದೇವರು ಬೀರಪ್ಪನಿಗೆ ಕಾಯಿ ಒಡೆದ ಮೇಲೆ ಅಳತೆ. ಫೋನಿರುವ ಹುಡುಗ ಪಟ್ಟಿ ಸುತ್ತಿದ ತೋಳಿನ ಫೋಟೋ ಕಳಿಸಬೇಕು. 12.5 ಸೆಂಟಿಮೀಟರ್‌ಗಿಂತ ಕೆಳಗಿಳಿದರೆ ನಾನೇ ಫೋನ್ ಮಾಡುತ್ತೇನೆ. 11.5ಕ್ಕಿಂತ ಕೆಳಗೆ, ಅಂದರೆ ಕೆಂಪಿಗೆ ಬಂದರೆ ಹಿಟ್ಟಿನ ಮಾತಿಲ್ಲ, ಸೀದಾ ಆಸ್ಪತ್ರೆ. ಒಂದು ಮಗುವಿಗೆ ಹಾಗಾಯಿತು. ಹಿಂಡು ಬಿಟ್ಟು ಬರಲ್ಲ ಅಂತ ತಂದೆ ಹಟ ಹಿಡಿದಿದ್ದ. ಅವನ ಅಣ್ಣನಿಂದ ಹೇಳಿಸಿ ತಾಯಿ, ಮಗು ಇಬ್ಬರನ್ನೂ ಎನ್‌ಆರ್‌ಸಿಗೆ, ಅಂದರೆ ಅಪೌಷ್ಟಿಕ ಮಕ್ಕಳನ್ನು ಇಟ್ಟುಕೊಂಡು ಆರೈಕೆ ಮಾಡುವ ಕೇಂದ್ರಕ್ಕೆ ಸೇರಿಸಿದೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಗುಡಾರದ ಗೂಟಕ್ಕೆ ಒದ್ದೆ ಬಟ್ಟೆಯಲ್ಲಿ ಹೆಸರು ಕಟ್ಟಿ ಮೊಳಕೆ ಬರಿಸಿದೆವು. ಚಳಿಗಾಲದಲ್ಲಿ ಚೆನ್ನಾಗಿ ಬಂತು, ಬೇಸಿಗೆಯಲ್ಲಿ ನಾತ ಹಿಡಿಯಿತು. ಹಿಂಡಿನ ಆಡಿನ ಹಾಲನ್ನು ಚಹಾಕ್ಕೆ ಹಾಕುವ ಬದಲು ವರ್ಷ ತುಂಬಿದ ಮಕ್ಕಳಿಗೆ ಕೊಡಿಸಿದೆ. ಊಟದ ಜೊತೆ ಚಹಾ ಕೊಟ್ಟರೆ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಹಾಲು ಮಾತ್ರ ಉಕ್ಕಿ ಬರುವವರೆಗೆ ಕಾಯಿಸಲೇಬೇಕು. ಹಸಿ ಹಾಲಿನಿಂದ ಬ್ರುಸೆಲ್ಲಾ ಅನ್ನೋ ಸೋಂಕಿನ ಜ್ವರ ಬರಬಹುದು, ಕುರಿಗಾರರಲ್ಲಿ ಅದರ ಭಯ ಜಾಸ್ತಿ. ಮೊಟ್ಟೆ ವಿಷಯದಲ್ಲಿ ಸೋತೆ. ಸಂತೆಗೆ ಮಾರಿದರೆ ಎಣ್ಣೆ ಉಪ್ಪಿನ ಖರ್ಚು ಹುಟ್ಟುತ್ತದೆ, ಮಗುವಿಗೆ ಕೊಡಿ ಅಂತ ಯಾವ ಬಾಯಿಂದ ಹೇಳಲಿ?

ಹೋದ ಸಲ ಹದಿನಾಲ್ಕು ಮಕ್ಕಳು ಹೋಗಿದ್ದರು. ಹನ್ನೊಂದು ಮಕ್ಕಳು ತೂಕ ಹೆಚ್ಚಿಸಿಕೊಂಡು ಬಂದರು. ಆ ಮುದುಕಿಯ ಮೊಮ್ಮಗಳು ಹೊರಡುವಾಗ ಒಂದೂ ಮುಕ್ಕಾಲು ವರ್ಷದವಳು, ಏಳೂ ಮುಕ್ಕಾಲು ಕೆಜಿ ಇದ್ದಳು. ಜೂನ್‌ನಲ್ಲಿ ಕಂಬಳಿ ಜೋಲಿ ಮಾಡಿ ತೂಗಿದೆ, ಒಂಬತ್ತೂವರೆ. ಎರಡು ಸಲ ತೂಗಿದೆ. ತೋಳು 11.8 ಇದ್ದದ್ದು 13 ದಾಟಿತ್ತು. ಡಬ್ಬಿ, ಪಟ್ಟಿ, ಬಸ್ ಚಾರ್ಜು ಸೇರಿ ನನಗೆ ಬಿದ್ದದ್ದು ಎರಡು ಸಾವಿರದ ಆಸುಪಾಸು, ಉಂಡೆಗೆ ಸುರಿದದ್ದರ ಅರ್ಧ. ಮೀಟಿಂಗ್‌ನಲ್ಲಿ ರಿಜಿಸ್ಟರ್ ತೆರೆದಿಟ್ಟೆ, ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು.

ಈಗ ಪಕ್ಕದ ಊರುಗಳ ಇಬ್ಬರು ಕಾರ್ಯಕರ್ತೆಯರು ತಮಗೂ ತೋರಿಸಿ ಅಂತ ಕೇಳಿದ್ದಾರೆ. ದೀಪಾವಳಿಗೆ ಹತ್ತು ದಿನ ಮುಂಚೆ, ಜೋಳ ಹುರಿಯುವ ದಿನವೇ ಬನ್ನಿ. ಪಟ್ಟಿ ನೀವೇ ತನ್ನಿ, ನನ್ನ ಹತ್ತಿರ ಉಳಿದಿರೋದು ಎರಡೇ.