ಬೆಂಕಿ, ಹೊಗೆಗೆ ಸಿಕ್ಕವರಲ್ಲಿ ರಕ್ತನಾಳಗಳ ಸೋರಿಕೆ: ಮೊದಲ 24 ಗಂಟೆಗಳಲ್ಲಿ ಏನನ್ನು, ಹೇಗೆ ಗಮನಿಸಬೇಕು

ಬೆಂಕಿ ಅವಘಡದಿಂದ ಪಾರಾಗಿ ಬಂದವರು ಮೊದಲ ಒಂದೆರಡು ಗಂಟೆ ಚೆನ್ನಾಗಿಯೇ ಮಾತನಾಡುತ್ತಿರಬಹುದು. ಆದರೆ ಮೈಯ ಸುಮಾರು ಶೇ. 20ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದರೆ, ಸುಡದ ಅಂಗಗಳಲ್ಲಿಯೂ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಇದಕ್ಕೆ ಶಾಖವೊಂದೇ ಕಾರಣವಲ್ಲ. ರಕ್ಷಣೆಗೆಂದು ಧಾವಿಸುವ ಪ್ರತಿರಕ್ಷಣಾ ಕೋಶಗಳ ಪಾಲೂ ದೊಡ್ಡದು. ಹಾಗಾಗಿ ರೋಗಿಯ ಈಗಿನ ಸ್ಥಿತಿಯನ್ನಷ್ಟೇ ನೋಡದೆ, ಮುಂದಿನ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆರೈಕೆ ಮಾಡಬೇಕು.

ಒಳಗೆ ನಡೆಯುವುದನ್ನು ಮೊದಲು ತಿಳಿಯಿರಿ. ಗಾಯವಾದ ಕೆಲವೇ ನಿಮಿಷಗಳಲ್ಲಿ ಅಂಗಾಂಶಗಳಲ್ಲಿ ನೆಲೆಸಿರುವ ಮಾಸ್ಟ್ ಕೋಶಗಳೆಂಬ ಪ್ರತಿರಕ್ಷಣಾ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಅದರಿಂದ ರಕ್ತನಾಳದ ಒಳಪದರದ ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಬಳಿಕ ಮ್ಯಾಕ್ರೋಫೇಜ್‌ಗಳ (ಸೂಕ್ಷ್ಮಾಣುಗಳನ್ನು ನುಂಗುವ ಪ್ರತಿರಕ್ಷಣಾ ಕೋಶಗಳ) ರಾಸಾಯನಿಕ ಕರೆಗೆ ಓಗೊಟ್ಟು ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಆ ಒಳಪದರಕ್ಕೆ ಅಂಟಿಕೊಂಡು, ಸೂಕ್ಷ್ಮಾಣುಗಳನ್ನು ಕೊಲ್ಲಲೆಂದು ಇಟ್ಟುಕೊಂಡ ಇಲಾಸ್ಟೇಸ್ ಕಿಣ್ವವನ್ನೂ ಆಮ್ಲಜನಕದ ತೀಕ್ಷ್ಣ ರೂಪಗಳನ್ನೂ ಅಲ್ಲಿಯೇ ಸುರಿಯುತ್ತವೆ. ಒಳಪದರದ ಮೇಲಿನ ತೆಳು ಹೊದಿಕೆ ಕಳಚಿಹೋಗಿ, ಪ್ರೋಟೀನ್ ಸಮೇತ ಪ್ಲಾಸ್ಮಾ (ರಕ್ತದ ದ್ರವಭಾಗ) ಹೊರಗೆ ಜಾರುತ್ತದೆ. ಹೊಗೆ ಒಳಹೊಕ್ಕಿದ್ದರೆ ಶ್ವಾಸನಾಳದ ಗೋಡೆಯಲ್ಲಿಯೂ ಇದೇ ನಡೆಯುತ್ತದೆ. ಸೋರಿದ ಫೈಬ್ರಿನ್ (ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನ್), ಸತ್ತ ಕೋಶ, ಲೋಳೆ ಸೇರಿ ಹೆಪ್ಪಾಗಿ ಸಣ್ಣ ನಾಳಗಳನ್ನು ಮುಚ್ಚುತ್ತವೆ.

ಊತ ಏರುವ ಮೊದಲೇ ಉಂಗುರ, ಬಳೆ, ಕೈಗಡಿಯಾರ ತೆಗೆಯಿರಿ. ಗಾಯಕ್ಕೆ ಮಂಜುಗಡ್ಡೆ ಬೇಡ. ಹರಿಯುವ ತಣ್ಣೀರು 20 ನಿಮಿಷ ಸಾಕು, ಉಳಿದ ಮೈ ಬೆಚ್ಚಗಿರಲಿ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಗಂಟಲಿನ ಬಗ್ಗೆ. ಧ್ವನಿ ಒಡೆಯುವುದು, ಉಸಿರೆಳೆದಾಗ ಕೀರಲು ಸದ್ದು ಬರುವುದು, ಕಫದಲ್ಲಿ ಮಸಿ, ಮುಖದ ಸುಟ್ಟಗಾಯ ಇವುಗಳಲ್ಲಿ ಯಾವುದು ಕಂಡರೂ ಅರಿವಳಿಕೆ ತಜ್ಞರನ್ನು ತಕ್ಷಣ ಕರೆಯಿರಿ, ಏಕೆಂದರೆ ಊತ ಹೆಚ್ಚಿದ ಮೇಲೆ ಉಸಿರಿನ ಕೊಳವೆ ತೂರಿಸುವುದು ಬಹಳ ಕಷ್ಟ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕದಿಂದ ಬೇರ್ಪಡಿಸಿ ನೋಡಲಾರದು. ಅದು ತೋರುವ ಒಳ್ಳೆಯ ಅಂಕಿಯನ್ನು ನಂಬಿ ಆಮ್ಲಜನಕ ತಡಮಾಡಬೇಡಿ.

ಡ್ರಿಪ್‌ನ ಲೆಕ್ಕವನ್ನು ಸುಟ್ಟ ಹೊತ್ತಿನಿಂದ ಹಿಡಿಯಬೇಕು, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಪಾರ್ಕ್‌ಲ್ಯಾಂಡ್ ಸೂತ್ರದಂತೆ (4 ಮಿಲಿ × ಕಿಲೋಗಳಲ್ಲಿ ತೂಕ × ಸುಟ್ಟ ಭಾಗದ ಶೇಕಡಾ) 60 ಕಿಲೋ ತೂಕದ, ಶೇ. 30 ಸುಟ್ಟ ವಯಸ್ಕರಿಗೆ 4 × 60 × 30, ಅಂದರೆ 24 ಗಂಟೆಗೆ 7,200 ಮಿಲಿ ರಿಂಗರ್ ಲ್ಯಾಕ್ಟೇಟ್ (ಲವಣಯುಕ್ತ ಡ್ರಿಪ್ ದ್ರವ) ಬೇಕು. ಅದರ ಅರ್ಧ ಮೊದಲ 8 ಗಂಟೆಗಳಲ್ಲಿ ಹೋಗಬೇಕು. ರೋಗಿ 2 ಗಂಟೆ ತಡವಾಗಿ ಬಂದರೆ ಉಳಿದ 6 ಗಂಟೆಗೆ ಗಂಟೆಗೆ 600 ಮಿಲಿಯಂತಾಗುತ್ತದೆ. ಈಗ ಹಲವರು 4ರ ಬದಲು 2ರಿಂದಲೇ ಆರಂಭಿಸುತ್ತಾರೆ. ಹೊಗೆಯ ಗಾಯವೂ ಇದ್ದರೆ ಸಾಮಾನ್ಯವಾಗಿ ಹೆಚ್ಚು ಬೇಕಾಗುತ್ತದೆ. ಸೂತ್ರ ಆರಂಭಕ್ಕೆ ಮಾತ್ರ. ಮುಂದೆ ದಾರಿ ತೋರುವುದು ಮೂತ್ರ: ವಯಸ್ಕರಲ್ಲಿ ಗಂಟೆಗೆ ಪ್ರತಿ ಕಿಲೋಗೆ ಸುಮಾರು 0.5 ಮಿಲಿ ಬರುತ್ತಿದ್ದರೆ ಸಾಕು. ಅದಕ್ಕಿಂತ ಬಹಳ ಹೆಚ್ಚು ಬರುತ್ತಿದ್ದರೆ ಡ್ರಿಪ್ ತಗ್ಗಿಸಿ. ನಾಳಗಳು ತೂತಾಗಿರುವಾಗ ಸುರಿದ ಹೆಚ್ಚುವರಿ ದ್ರವ ಶ್ವಾಸಕೋಶ, ಹೊಟ್ಟೆ, ಕೈಕಾಲುಗಳ ಸ್ನಾಯುಗಳಲ್ಲಿ ಸೇರಿ ಒತ್ತಡ ಹೆಚ್ಚಿಸುತ್ತದೆ. ಸುತ್ತಲೂ ಸುಟ್ಟ ತೋಳು, ಕಾಲುಗಳಲ್ಲಿ ಗಂಟೆಗೊಮ್ಮೆ ನಾಡಿ ಮುಟ್ಟಿ ನೋಡಿ. ಅದು ಕ್ಷೀಣಿಸಿದರೆ ಶಸ್ತ್ರವೈದ್ಯರಿಗೆ ಕೂಡಲೇ ತಿಳಿಸಿ.