ಹೊರಗಿನ ಕೆಲಸದ ನಡುವೆ ಜೇನು, ಕಣಜ ಕಚ್ಚಿದರೆ ಏನು ಮಾಡಬೇಕು?

ಬೇಲಿ ಸವರುವಾಗ, ಹುಲ್ಲು ಕತ್ತರಿಸುವಾಗ, ಏಣಿ ಹತ್ತಿ ಸೂರು ರಿಪೇರಿ ಮಾಡುವಾಗ ನಮ್ಮ ಗಮನವೆಲ್ಲ ಕೆಲಸದ ಮೇಲಿರುತ್ತದೆ. ಪಕ್ಕದಲ್ಲೇ ಇರುವ ಗೂಡು ಕಾಣುವುದೇ ಇಲ್ಲ. ಕಚ್ಚಿದ ಕೂಡಲೇ ‘ಏನು ಹಚ್ಚೋದು?’ ಎಂದು ಹುಡುಕಾಡುವವರೇ ಜಾಸ್ತಿ. ಹಚ್ಚುವ ಮಾತು ಕೊನೆಗೆ. ಮೊದಲ ನಿಮಿಷದ ಕೆಲಸ ಬೇರೆ ಇದೆ.

ಜಾಗ ಬಿಡಿ

ಕಚ್ಚಿದ ಜೇನು ಬಾಳೆಹಣ್ಣಿನಂಥ ಒಂದು ವಾಸನೆ ಬಿಡುತ್ತದೆ. ಗೂಡಿನ ಉಳಿದ ಹುಳುಗಳಿಗೆ ಅದೇ ಕರೆ. ಹಾಗಾಗಿ ಅಲ್ಲೇ ನಿಂತು ಕೈ ಬೀಸಿದರೆ ಇನ್ನಷ್ಟು ಕಚ್ಚಿಸಿಕೊಳ್ಳುತ್ತೀರಿ, ಅಷ್ಟೇ. ಒಂದೆರಡು ಹುಳು ಇದ್ದರೆ ಸದ್ದಿಲ್ಲದೆ ದೂರ ಸರಿಯಿರಿ. ಗೂಡೇ ಎದ್ದಿದ್ದರೆ ಅಂಗಿಯಿಂದ ಮುಖ ಮುಚ್ಚಿಕೊಂಡು, ದಾರಿ ಕಾಣುವಷ್ಟು ಕಣ್ಣು ಬಿಟ್ಟು ಓಡಿ. ಬಾಗಿಲು ಹಾಕಿಕೊಳ್ಳಬಹುದಾದ ಮನೆಯೋ ವಾಹನವೋ ಸಿಗುವ ತನಕ ನಿಲ್ಲಬೇಡಿ. ನೀರಿಗೆ ಹಾರುವುದು ಬೇಡ, ತಲೆ ಎತ್ತುವುದನ್ನೇ ಕಾದು ಮತ್ತೆ ಕಚ್ಚುತ್ತವೆ. ಏಣಿಯ ಮೇಲಿದ್ದರೆ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೇ ಇಳಿಯಿರಿ. ಕಚ್ಚಿದ್ದಕ್ಕಿಂತ ಬಿದ್ದ ಪೆಟ್ಟೇ ದೊಡ್ಡದಾದೀತು.

ಮುಳ್ಳು ಕೀಳಿ

ಕಚ್ಚಿದ ಜಾಗವನ್ನು ಹತ್ತಿರದಿಂದ ನೋಡಿ. ಚರ್ಮದಲ್ಲಿ ಕಪ್ಪು ಚುಕ್ಕೆ, ಅದರ ಮೇಲೆ ಬೆಳ್ಳಗಿನ ಪುಟ್ಟ ಚೀಲ ಕಂಡರೆ ಕಚ್ಚಿದ್ದು ಜೇನು. ಹುಳು ಹೋದ ಮೇಲೂ ಆ ಚೀಲ ಮಿಡಿಯುತ್ತಾ ವಿಷವನ್ನು ಒಳಗೆ ತಳ್ಳುತ್ತಲೇ ಇರುತ್ತದೆ. ಚಿಮುಟಿ ತೆಗೆಯಬಾರದು, ಕಾರ್ಡಿನಿಂದ ಕೆರೆದೇ ತೆಗೆಯಬೇಕು ಎಂಬ ಮಾತು ನೀವೂ ಕೇಳಿರಬಹುದು. ಆದರೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 1996ರಲ್ಲಿ ಬಂದ ಅಧ್ಯಯನ, ಹೇಗೆ ತೆಗೆದಿರಿ ಎನ್ನುವುದಲ್ಲ, ಎಷ್ಟು ಬೇಗ ತೆಗೆದಿರಿ ಎನ್ನುವುದೇ ಮುಖ್ಯ ಎಂದು ತೋರಿಸಿತು. ಕೆಲವೇ ಸೆಕೆಂಡು ತಡವಾದರೂ ಊತ ಹೆಚ್ಚುತ್ತದೆ. ಕಾರ್ಡು ಹುಡುಕುತ್ತಾ ಕೂರಬೇಡಿ, ಉಗುರಿನಿಂದಲೇ ಕಿತ್ತು ಬಿಸಾಡಿ.

ಕಣಜ ಸಾಮಾನ್ಯವಾಗಿ ಮುಳ್ಳು ಬಿಟ್ಟುಹೋಗುವುದಿಲ್ಲ. ಒಂದೇ ಹುಳು ಮೇಲಿಂದ ಮೇಲೆ ಕಚ್ಚಬಲ್ಲದು. ಇಲ್ಲದ ಮುಳ್ಳಿಗಾಗಿ ಚರ್ಮ ಕೆದಕಿ ಗಾಯ ಮಾಡಿಕೊಳ್ಳಬೇಡಿ.

ಊತ, ನೋವಿಗೆ

ಕೈಗೆ ಕಚ್ಚಿದ್ದರೆ ಉಂಗುರ, ವಾಚು ಈಗಲೇ ತೆಗೆದಿಡಿ. ಊದಿಕೊಂಡ ಮೇಲೆ ಬರುವುದಿಲ್ಲ. ಸೋಪು ಹಾಕಿ ತೊಳೆಯಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಒತ್ತಿಡಿ. ನೋವಿಗೆ ಪ್ಯಾರಾಸಿಟಮಾಲ್, ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆ ಸಾಕು. ಸೆಟಿರಿಜಿನ್‌ನಿಂದ ಕೆಲವರಿಗೆ ತೂಕಡಿಕೆ ಬರುತ್ತದೆ, ಆಮೇಲೆ ಏಣಿ, ಯಂತ್ರದ ಹತ್ತಿರ ಹೋಗಬೇಡಿ. ವಿನಿಗರ್, ಅಡುಗೆ ಸೋಡಾ ಹಚ್ಚಿ ಹೆಚ್ಚೇನೂ ಪ್ರಯೋಜನವಿಲ್ಲ, ವಿಷ ಆಗಲೇ ಚರ್ಮದ ಒಳಗೆ ಹೋಗಿರುತ್ತದೆ. ಮಣ್ಣು ಮೆತ್ತುವುದಂತೂ ಬೇಡವೇ ಬೇಡ. ಮಾರನೇ ದಿನ ಊತ ಇನ್ನೂ ಜಾಸ್ತಿಯಾದರೆ ಗಾಬರಿ ಬೇಡ, ಎರಡು ದಿನ ಹಾಗಾಗುವುದುಂಟು.

ಆಸ್ಪತ್ರೆಗೆ ಯಾವಾಗ?

ಕಚ್ಚಿದ ಜಾಗ ಬಿಟ್ಟು ಬೇರೆ ಕಡೆ ದದ್ದು ಎದ್ದರೆ, ತುಟಿ ನಾಲಿಗೆ ಊದಿದರೆ, ದನಿ ಒಡೆದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ವಾಂತಿ ಬಂದರೆ ಅದು ತೀವ್ರ ಅಲರ್ಜಿ. ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಮಾತ್ರೆ ಕೊಟ್ಟು ಕಾಯುವ ಹೊತ್ತಲ್ಲ ಇದು. ಬೇಕಾದದ್ದು ಅಡ್ರಿನಲಿನ್ ಎಂಬ ಔಷಧದ ಚುಚ್ಚುಮದ್ದು. ಅದನ್ನು ತಾವೇ ಚುಚ್ಚಿಕೊಳ್ಳಲು ಬರುವ ಪೆನ್ನಿನಂಥ ಸಾಧನ, ಅಂದರೆ ಅಡ್ರಿನಲಿನ್ ಪೆನ್ ಇದ್ದರೆ ತೊಡೆಯ ಹೊರಭಾಗಕ್ಕೆ ಒತ್ತಿ ಹಿಡಿಯಿರಿ, ಪ್ಯಾಂಟಿನ ಮೇಲಿಂದಲೇ ಕೊಡಬಹುದು. ಕೂಡಲೇ ಆಂಬುಲೆನ್ಸ್ ಕರೆಸಿ. ವ್ಯಕ್ತಿಯನ್ನು ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಮಾತ್ರ ಕೂರಿಸಿ. ‘ನಡೆದೇ ಬರ್ತೀನಿ’ ಎಂದರೂ ಬಿಡಬೇಡಿ, ಎದ್ದು ನಿಂತರೆ ರಕ್ತದೊತ್ತಡ ಕುಸಿಯಬಹುದು. ಸುಧಾರಿಸಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸುವುದುಂಟು.

ಬಾಯಿ, ಗಂಟಲೊಳಗೆ ಕಚ್ಚಿದ್ದರೆ, ಅಥವಾ ಹಿಂಡೇ ಮುತ್ತಿ ತುಂಬಾ ಕಡೆ ಕಚ್ಚಿದ್ದರೆ ಅಲರ್ಜಿ ಇಲ್ಲದವರೂ ಹೋಗಬೇಕು. ಅಷ್ಟು ವಿಷ ಕಿಡ್ನಿಗೂ ಏಟು ಕೊಡಬಲ್ಲದು.

ಒಮ್ಮೆ ತೀವ್ರ ಅಲರ್ಜಿ ಆದವರು ಹೊರಗೆ ಒಬ್ಬರೇ ಕೆಲಸಕ್ಕೆ ಹೋಗಬಾರದು. ಪೆನ್ ಎಲ್ಲಿದೆ, ಹೇಗೆ ಬಳಸಬೇಕು ಎನ್ನುವುದು ಜೊತೆಗಿದ್ದವರಿಗೂ ಗೊತ್ತಿರಬೇಕು. ಅಲರ್ಜಿ ತಜ್ಞರನ್ನೂ ನೋಡಿ. ವಿಷವನ್ನೇ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತಾ ದೇಹವನ್ನು ಒಗ್ಗಿಸುವ ಚಿಕಿತ್ಸೆ ಇದೆ. ಸಾಮಾನ್ಯವಾಗಿ 3ರಿಂದ 5 ವರ್ಷ ಹಿಡಿಯುತ್ತದೆ.